ಮೂವತ್ತೆರಡು ವಾರ, ಒಂದು ದಿನ

ಮಡಕಶಿರ
4 ಮಾರ್ಚ್ 2024

ಭುವನಾ,

ಹನ್ನೆರಡು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ನಿನ್ನ ಫೋನ್ ನಂಬರು ನನ್ನ ಹತ್ತಿರ ಇದೆ. ಆದರೆ ಫೋನಾದರೆ ನೀನು ಮೊದಲ ಮಾತಿಗೇ ಇಟ್ಟುಬಿಡಬಹುದು. ಕಾಗದವಾದರೆ ಹರಿಯುವ ಮೊದಲು ಒಮ್ಮೆ ಓದುತ್ತೀ ಎಂದುಕೊಂಡೆ.

ನನ್ನ ಮಗಳು ದುರ್ಗಾ ನಿನಗೆ ನೆನಪಿರಬಹುದು. ನಿನ್ನ ಸ್ಟೆತಸ್ಕೋಪನ್ನು ನಾಯಿಮರಿಯ ಎದೆಗೆ ಹಿಡಿದು ಬೈಸಿಕೊಂಡವಳು. ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದಳು. ಎರಡು ವರ್ಷದ ಕೆಳಗೆ ಅಮರಾಪುರದ ರಾಮಾಂಜಿನೇಯನ ಜೊತೆ ಮದುವೆಯಾಯಿತು. ಅವರದು ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ. ಈಗ ಅವಳು ಬಸುರಿ.

ಡಿಸೆಂಬರಿನಲ್ಲಿ ಅವಳಿಗೆ ಕೇಂದ್ರ ಸರ್ಕಾರದ ಕೆಲಸದ ಆದೇಶ ಬಂತು. ಅಸ್ಸಾಮಿನ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ. ನಾಲ್ಕು ವರ್ಷ ಓದಿ, ಮೂರು ಸಲ ಪರೀಕ್ಷೆ ಬರೆದು ಪಡೆದದ್ದು. ಆಗ ವಾಂತಿಯಿಂದ ಏಳಲಾರದೆ ಗಡುವು ಕೇಳಿದಳು, ಕೊಟ್ಟರು. ಏಪ್ರಿಲ್ ಮೂರರಂದು ಹಾಜರಾಗಬೇಕು. ಇನ್ನೊಮ್ಮೆ ಗಡುವಿಲ್ಲ, ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಬರೆದೇ ತಿಳಿಸಿದ್ದಾರೆ. ರೈಲಿನಲ್ಲಾದರೆ ಮೂರು ರಾತ್ರಿ. ಮೊದಲೇ ಹೋಗಿರೋಣವೆಂದರೆ ವಸತಿಯ ಬೀಗದ ಕೈ ಕೊಡುವುದೇ ಏಪ್ರಿಲ್ ಒಂದಕ್ಕೆ. ಬೆಂಗಳೂರಿನಿಂದ ಗುವಾಹಟಿಗೆ ಮಾರ್ಚ್ 31ರ ವಿಮಾನಕ್ಕೆ ಟಿಕೆಟು ತೆಗೆಸಿದ್ದೇವೆ.

ತೊಂದರೆ ಇದು. ಇಪ್ಪತ್ತೆಂಟು ವಾರ ದಾಟಿದ ಬಸುರಿಗೆ ವಿಮಾನದವರು ವೈದ್ಯರ ಪತ್ರ ಕೇಳುತ್ತಾರೆ. ಮೂವತ್ತಾರು ದಾಟಿದರೆ ಪತ್ರವಿದ್ದರೂ ಹತ್ತಿಸುವುದಿಲ್ಲ. ತಾಯಿ ಕಾರ್ಡಿನ ಪ್ರಕಾರ ಮೂವತ್ತೊಂದಕ್ಕೆ ಅವಳಿಗೆ ಮೂವತ್ತಾರು ವಾರ ಮೂರು ದಿನ. ಇಲ್ಲಿನ ಇಬ್ಬರು ವೈದ್ಯರು ಕಾರ್ಡು ನೋಡಿ ಆಗುವುದಿಲ್ಲ ಎಂದರು.

ನೀನು ಮೂವತ್ತೆರಡು ಎಂದು ಬರೆದರೆ ಸಾಕು.

ನಿನ್ನಲ್ಲಿ ಇದನ್ನು ಕೇಳುವ ಮುಖ ನನಗಿಲ್ಲ. ಆದರೂ ಕೇಳಿದ್ದೇನೆ.

ಮಂಜುಳಾ

*

ರಾಯದುರ್ಗ
9 ಮಾರ್ಚ್ 2024

ಮಂಜುಳಮ್ಮನವರಿಗೆ,

ಕಾಗದ ಬಂತು. ಹರಿಯಲಿಲ್ಲ. ನೀವು ಕೇಳಿದ್ದನ್ನು ಬರೆದುಕೊಡುವುದೂ ಇಲ್ಲ.

ಮೂವತ್ತಾರು ವಾರದ ಹೆಂಗಸಿಗೆ ಆಕಾಶದಲ್ಲಿ ನೋವು ಬಂದರೆ ಅಲ್ಲಿ ನೂರೆಂಬತ್ತು ಜನ ಇರುತ್ತಾರೆ, ಒಬ್ಬ ಸೂಲಗಿತ್ತಿ ಇರುವುದಿಲ್ಲ. ಆ ನಿಯಮ ಮಾಡಿದವರು ನಿಮ್ಮ ಮಗಳ ಕೆಲಸ ತಪ್ಪಿಸಲು ಮಾಡಿದ್ದಲ್ಲ.

ಒಂದು ಕಾಲದಲ್ಲಿ ನಾನು ಹಾಗೆ ಬರೆದುಕೊಡುತ್ತಿದ್ದೆ, ನಿಜ. ನಿಮ್ಮ ಎಂ.ಎ. ಪರೀಕ್ಷೆಗೆ ಶಾಲೆಯಲ್ಲಿ ರಜೆ ಸಿಗದಾಗ ಇಲ್ಲದ ಕಾಮಾಲೆಯನ್ನು ಬರೆದೆ. ವಿಚಾರಣೆ ಬಂತು. ನೀವು ಕೊಟ್ಟ ಹೇಳಿಕೆಯನ್ನು ನಾನು ಫೈಲಿನಲ್ಲಿ ಓದಿದೆ. “ಡಾಕ್ಟರು ಬರೆದಿದ್ದಾರೆ, ಅವರನ್ನೇ ಕೇಳಿ.” ಅವರು ನನ್ನನ್ನೇ ಕೇಳಿದರು. ಸರ್ಕಾರಿ ಆಸ್ಪತ್ರೆಯ ನೌಕರಿ ಬಿಟ್ಟದ್ದು ಆ ಬೇಸಗೆಯಲ್ಲಿ. ಆಮೇಲೆ ಈ ಊರಿನಲ್ಲಿ ಒಂದು ಕೋಣೆಯ ಕ್ಲಿನಿಕ್ ತೆರೆದೆ. ಹನ್ನೆರಡು ವರ್ಷದಿಂದ, ಕೈಯಿಂದ ಮುಟ್ಟಿ ನೋಡದ ಯಾವುದಕ್ಕೂ ನಾನು ಸಹಿ ಮಾಡಿಲ್ಲ.

ಒಂದು ಪ್ರಶ್ನೆ. ನೀವು ಹೀಗೆ ಬರೆದಿರುವುದು ದುರ್ಗಾಳಿಗೆ ಗೊತ್ತೇ?

ಡಾ. ಭುವನೇಶ್ವರಿ

*

ಅಮರಾಪುರ
12 ಮಾರ್ಚ್ 2024

ಡಾಕ್ಟರ್ ಭುವನೇಶ್ವರಿ ಅವರಿಗೆ ನಮಸ್ಕಾರ.

ನನಗೆ ಗೊತ್ತಿರಲಿಲ್ಲ. ಅಮ್ಮ ನಿಮ್ಮ ಕಾಗದವನ್ನು ತಂದು ನನ್ನ ಕೈಯಲ್ಲಿಟ್ಟು ತೊಟ್ಟಿ ತೊಳೆಯಲು ಹೋದರು. ತೊಟ್ಟಿಯನ್ನು ಹಿಂದಿನ ದಿನವೇ ತೊಳೆದಾಗಿತ್ತು.

ಮೂವತ್ತಾರನ್ನು ಮೂವತ್ತೆರಡು ಮಾಡಿ ಎಂದು ನಾನು ಕೇಳುವುದಿಲ್ಲ. ನನಗೆ ಆ ದಿನ ಮೂವತ್ತಾರು ಆಗಿಯೇ ಇರುವುದಿಲ್ಲ. ಕಾರ್ಡಿನಲ್ಲಿರುವ ತಾರೀಕು ತಪ್ಪು.

ನಾನು ಕೊನೆಯ ಸಲ ಹೊರಗಾದದ್ದು ಆಗಸ್ಟ್ 19, ಶನಿವಾರ. ಅದನ್ನು ನೆನಪಿನಿಂದ ಹೇಳುತ್ತಿಲ್ಲ. ನಮ್ಮ ಕಡೆ ಆ ದಿನಗಳಲ್ಲಿ ಹೆಂಗಸರು ಹುಳುಮನೆಗೆ ಕಾಲಿಡುವುದಿಲ್ಲ. ಹುಳುಮನೆಯ ನೋಟ್‌ಬುಕ್ಕನ್ನು ನಾನೇ ಬರೆಯುತ್ತೇನೆ: ಯಾವ ದಿನ ಎಷ್ಟು ಸೊಪ್ಪು, ಹುಳು ಪೊರೆ ಬಿಡಲು ಯಾವ ಜ್ವರಕ್ಕೆ ಕೂತವು, ಯಾವಾಗ ಎದ್ದವು. ಆಗಸ್ಟ್ 19ರಿಂದ ಮೂರು ದಿನ ನನ್ನ ಗಂಡನ ಕೈಬರಹ ಇದೆ. ಹುಳು ನಾಲ್ಕನೇ ಜ್ವರದಿಂದ ಎದ್ದು ಹಸಿದಿದ್ದವು, ನಾನು ಕಿಟಕಿಯ ಹೊರಗೆ ನಿಂತು ಹೇಳುತ್ತಿದ್ದೆ, ಅವರು ಒಳಗೆ ಬರೆದುಕೊಳ್ಳುತ್ತಿದ್ದರು.

ಕಾರ್ಡಿನಲ್ಲಿ ಜುಲೈ 20 ಎಂದಿದೆ. ನವೆಂಬರಿನಲ್ಲಿ ಕಾರ್ಡು ಮಾಡಿಸಿದ ದಿನ ಅಂಗನವಾಡಿಯಲ್ಲಿ ಹತ್ತು ಜನರ ಮುಂದೆ ಕೇಳಿದರು. ಅಂಥ ಮಾತನ್ನು ಸೊಸೆ ಹೇಳುವುದಿಲ್ಲ, ಅತ್ತೆ ಹೇಳುತ್ತಾರೆ. ನನ್ನ ಅತ್ತೆ ತಿಪ್ಪಕ್ಕ ಏನೋ ಹೇಳಿದರು, ಅಂಗನವಾಡಿಯವರು ಏನೋ ಬರೆದರು. ಕಾರ್ಡು ಅತ್ತೆಯ ಟ್ರಂಕು ಸೇರಿತು. ಈ ತಿಂಗಳ ಮೊದಲಲ್ಲಿ ಮಡಕಶಿರದ ವೈದ್ಯರು ಓದಿ ಹೇಳಿದಾಗಲೇ ನನಗೆ ತಿಳಿದದ್ದು. ತಪ್ಪು ಎಂದೆ. ಅವರು “ಇಲ್ಲಿ ಬರೆದದ್ದು ಸುಳ್ಳೇನಮ್ಮ?” ಎಂದರು. ಅಮ್ಮ, ಚೊಚ್ಚಲಲ್ಲಿ ಎಲ್ಲರಿಗೂ ಗೊಂದಲ, ಸುಮ್ಮನಿರು ಎಂದರು. ಎರಡು ತಿಂಗಳಿಂದ ನರ್ಸು ಬಂದಾಗಲೆಲ್ಲ ಹೊಟ್ಟೆ ಅಳೆದು ಮಗು ಸಣ್ಣದಿದೆ ಎನ್ನುತ್ತಾರೆ. ಮೊಟ್ಟೆ, ಕಡಲೆಬೀಜದ ಉಂಡೆ ತಿನ್ನಿಸುತ್ತಾರೆ. ಎಲ್ಲರೂ ಕಾರ್ಡು ನೋಡಿದರು, ಹೊಟ್ಟೆ ನೋಡಿದರು. ನನ್ನನ್ನು ಯಾರೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಹಿಂದೂಪುರದಲ್ಲಿ ಒಂದು ಸ್ಕ್ಯಾನ್ ಆಗಿತ್ತು. ಮೂರು ತಿಂಗಳು ತುಂಬುವ ಮೊದಲು ಹೊರಗೆ ಹೇಳಬಾರದೆಂದು ಅತ್ತೆ ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಈಗ ತೆಗೆದು ನೋಡಿದರೆ ಅಕ್ಷರವೆಲ್ಲ ಮಾಸಿ ಬಿಳಿ ಹಾಳೆಯಾಗಿದೆ.

ನನ್ನನ್ನು ಪರೀಕ್ಷಿಸಿ ಎಂದಷ್ಟೇ ಕೇಳುತ್ತೇನೆ. ಮೂವತ್ತಾರು ಎಂದು ನಿಮಗೆ ಕಂಡರೆ ಟಿಕೆಟು ರದ್ದು ಮಾಡುತ್ತೇನೆ. ಕಾಣದಿದ್ದರೆ ನಾನು ಹೋಗಲೇಬೇಕು.

ದುರ್ಗಾ

*

ರಾಯದುರ್ಗ
15 ಮಾರ್ಚ್ 2024

ದುರ್ಗಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ.

ಮಗು ಸಣ್ಣದಿದೆ ಎಂಬ ಮಾತಿಗೆ ಎರಡು ಅರ್ಥ ಸಾಧ್ಯ. ತಾರೀಕು ತಪ್ಪಾಗಿದ್ದು ಮಗು ತನ್ನ ವಯಸ್ಸಿಗೆ ಸರಿಯಾಗಿಯೇ ಇರಬಹುದು. ಅಥವಾ ತಾರೀಕು ಸರಿಯಾಗಿದ್ದು ಮಗು ಬೆಳೆಯದೆ ಇರಬಹುದು. ಎರಡನೆಯದಾದರೆ ಕೆಲಸದ ಮಾತನ್ನೇ ಎತ್ತಬೇಡ. ನಿನ್ನನ್ನು ಅದೇ ದಿನ ಅನಂತಪುರದ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಈಗ ಹೊಸದಾಗಿ ಸ್ಕ್ಯಾನ್ ಮಾಡಿದರೆ ಇದು ಇತ್ಯರ್ಥವಾಗುವುದಿಲ್ಲ. ಇಷ್ಟು ದಿನದ ಮೇಲೆ ಯಂತ್ರವೂ ಮೂರು ವಾರ ಆಚೀಚೆ ಹೇಳುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡಿದ್ದು ಮಾತ್ರ ನಂಬಿಕೆಗೆ ಯೋಗ್ಯ.

ನಿನ್ನ ಕಾಗದ ಬಿಳಿಯಾಗಿದ್ದರೇನು? ಪ್ರತಿಯೊಂದು ಬಸುರಿ ಸ್ಕ್ಯಾನಿಗೂ ಅವರು ಒಂದು ಫಾರಂ ತುಂಬಿ ಎರಡು ವರ್ಷ ಇಟ್ಟುಕೊಳ್ಳಬೇಕು. ಕಾನೂನು ಅದು. ಹಿಂದೂಪುರಕ್ಕೆ ಹೋಗು. ಅದರ ನಕಲಿಗೆ ಅವರ ಸಹಿ, ಮುದ್ರೆ ಹಾಕಿಸಿಕೊಂಡು ಬಾ. ಇಲ್ಲ ಎಂದರೆ ನಂಬಬೇಡ.

ಪತ್ರ ಪ್ರಯಾಣಕ್ಕೆ ಮೂರು ದಿನದೊಳಗಿನದಾಗಿರಬೇಕು. ಆದ್ದರಿಂದ 29ರ ಶುಕ್ರವಾರ ಬೆಳಿಗ್ಗೆ ಬಾ. ನಿನ್ನನ್ನು ನೋಡುವವರೆಗೆ ಯಾವ ಮಾತೂ ಕೊಡುವುದಿಲ್ಲ.

ಹುಳುಮನೆಯ ನೋಟ್‌ಬುಕ್ಕನ್ನೂ ತಾ. ವಿಮಾನದವರು ಅದನ್ನು ಓದುವುದಿಲ್ಲ. ನಾನು ಓದುತ್ತೇನೆ.

ಡಾ. ಭುವನೇಶ್ವರಿ

*

ಮಡಕಶಿರ
22 ಮಾರ್ಚ್ 2024

ಭುವನಾ,

ಫಾರಂ ಸಿಕ್ಕಿತು. ಅಕ್ಟೋಬರ್ 20ಕ್ಕೆ ಎಂಟು ವಾರ ಐದು ದಿನ. ದುರ್ಗಾ ಹೇಳಿದ ತಾರೀಕಿಗೂ ಇದಕ್ಕೂ ಒಂದೇ ದಿನದ ವ್ಯತ್ಯಾಸ. ನಾನು ನಿನಗೆ ಸುಳ್ಳು ಬರೆ ಎಂದು ಕೇಳಿದ್ದು ಏನನ್ನೋ, ಅದೇ ನಿಜವಾಗಿತ್ತು. ಇದನ್ನು ಬರೆಯುವಾಗ ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಗಿದೆ.

ಹಿಂದೂಪುರಕ್ಕೆ ದುರ್ಗಾ, ನಾನು, ತಿಪ್ಪಕ್ಕ ಮೂವರೂ ಹೋಗಿದ್ದೆವು. ಅಲ್ಲಿನ ಗುಮಾಸ್ತ ತಲೆಯೆತ್ತದೆ ತೆಲುಗಿನಲ್ಲಿ “ರೇಪು ರಂಡಿ”, ನಾಳೆ ಬನ್ನಿ, ಎಂದ. ನಾಳೆ ಬರಲು ನನಗೆ ರಜೆಯಿಲ್ಲ ಎಂದು ನಾನು ಗೋಗರೆಯುತ್ತಿದ್ದೆ. ದುರ್ಗಾ ನನ್ನನ್ನು ಪಕ್ಕಕ್ಕೆ ಸರಿಸಿ, ತನ್ನ ಹೆಸರು, ತಾರೀಕು, ಬೇಕಾದ ಫಾರಂ ಯಾವುದು ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಅವನ ಮುಂದಿಟ್ಟು, “ನೀವು ಹುಡುಕಿ. ನಾನು ಇಲ್ಲೇ ಕೂತಿರ್ತೀನಿ” ಎಂದು ಎದುರಿನ ಬೆಂಚಿನಲ್ಲಿ ಕೂತಳು. ಹತ್ತರಿಂದ ಮೂರರವರೆಗೆ. ಬೇರೆ ಬಸುರಿಯರು ಬಂದರು, ಹೋದರು. ಅವನು ಒಂದು ಸಲ ಊಟಕ್ಕೆ ಹೋಗಿ ಬಂದ. ಇವಳು ಡಬ್ಬಿ ತೆಗೆದು ಅಲ್ಲೇ ಉಂಡಳು. ಕೊನೆಗೆ ಅವನೇ ಏಣಿ ಹಾಕಿ ಕಪಾಟಿನ ಮೇಲಿನ ಕಟ್ಟು ಇಳಿಸಿದ.

ಬಸ್ಸಿನಲ್ಲಿ ಬರುವಾಗ ತಿಪ್ಪಕ್ಕನನ್ನು ಕೇಳಿದೆ, ಅಂಗನವಾಡಿಯಲ್ಲಿ ಏನು ಹೇಳಿದಿರಿ ಎಂದು.

“ಶ್ರಾವಣ ಬಂದ ಮೂರ್ನೇ ದಿನ ಅಂತಂದೆ. ಸರಿಯಾಗೇ ಯೋಳಿವ್ನಿ.”

“ಅವರು ಜುಲೈ ಅಂತ ಬರ್ಕೊಂಡವರೆ.”

“ಜುಲೈನಾಗೆ ಬಂದಿದ್ದು ಅಧಿಕ ಶ್ರಾವಣ ಕಣಮ್ಮ. ಅದೇನು ತಿಂಗ್ಳಾ? ಅಧಿಕದಾಗೆ ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ. ಅದನ್ಯಾರು ಲೆಕ್ಕಕ್ಕೆ ತಗಂತಾರೆ? ಶ್ರಾವಣ ಅಂದ್ರೆ ವರಲಕ್ಷ್ಮಿ ಬರೋ ಶ್ರಾವಣ.”

ಪಾಪ, ಬರೆದುಕೊಂಡ ಹುಡುಗಿ ಗೋಡೆಯ ಕ್ಯಾಲೆಂಡರಿನಲ್ಲಿ ಶ್ರಾವಣ ಎಂದು ಮೊದಲು ಕಂಡಲ್ಲಿಂದ ಮೂರು ದಿನ ಎಣಿಸಿದ್ದಾಳೆ. ಹೋದ ವರ್ಷ ಎರಡು ಶ್ರಾವಣ ಬಂದಿತ್ತಲ್ಲ. ನಾನು ಕನ್ನಡ ಪಾಠ ಮಾಡುವವಳು, ದಿನಾ ಬೆಳಿಗ್ಗೆ ಪಂಚಾಂಗ ತಿರುವುವವಳು. ನನಗೂ ಹೊಳೆಯಲಿಲ್ಲ. ಹೊಳೆಯಬೇಕಾದರೆ ಮಗಳ ಮಾತನ್ನು ಮೊದಲು ನಂಬಬೇಕಿತ್ತು.

ಇಲ್ಲಿಗೆ ಮುಗಿಯಲಿಲ್ಲ. ತಪ್ಪು ತಾರೀಕಿನಲ್ಲಿ ಅವಳಿಗೆ ಒಂಬತ್ತನೇ ತಿಂಗಳು ನಡೆಯುತ್ತಿತ್ತು. ಸರಿ ತಾರೀಕಿನಲ್ಲಿ ಪ್ರಯಾಣದ ದಿನಕ್ಕೆ ಎಂಟು. ವಿಮಾನದವರಿಗೆ ಎಂಟಾದರೆ ಒಪ್ಪಿಗೆ. ತಿಪ್ಪಕ್ಕನಿಗೆ ಎಂಟೇ ಆಗದು. ಏಳರಲ್ಲಿ ಕಳಿಸುತ್ತಾರೆ, ಒಂಬತ್ತರಲ್ಲಿ ಕಳಿಸುತ್ತಾರೆ, ಎಂಟರಲ್ಲಿ ಬಸುರಿಯನ್ನು ಮನೆ ಬಿಡಿಸುವುದಿಲ್ಲ. ರಾಮಾಂಜಿನೇಯ ಹೆಂಡತಿಯ ಪರ, ಆದರೆ ಅಮ್ಮನ ಮುಂದೆ ಅವನ ಬಾಯಿ ಏಳುವುದಿಲ್ಲ. ಹುಳು ಗೂಡು ಕಟ್ಟುವ ಹೊತ್ತು, ಅವನು ಜೊತೆಗೆ ಹೋಗುವಂತೆಯೂ ಇಲ್ಲ.

ನಿನ್ನೆ ದುರ್ಗಾ ಫೋನು ಮಾಡಿದ್ದಳು. ಬೆಳಿಗ್ಗೆ ತಿಪ್ಪಕ್ಕ ರಾಗಿ ಬೀಸಿಸಿ ಚೀಲಕ್ಕೆ ತುಂಬುತ್ತಿದ್ದರಂತೆ. ಯಾಕತ್ತೆ ಎಂದರೆ, “ಎಂಟ್ರಾಗೆ ಮನೆ ಬಿಡಿಸ್ಬಾರ್ದು ಅನ್ನೋದು ತಾನೆ? ನಾನೇ ಜತೆಗೆ ಬಂದ್ರೆ ಮನೇನೇ ಬಂದಂಗಾಯ್ತು. ಅಲ್ಲಿ ರಾಗಿ ಸಿಗ್ತೈತೋ ಇಲ್ವೋ” ಎಂದರಂತೆ. ಎರಡನೇ ಟಿಕೆಟು ತೆಗೆಸಿದ್ದಾಯಿತು.

ಇಪ್ಪತ್ತೊಂಬತ್ತಕ್ಕೆ ನಾನು ಬರಲಾರೆ. ಹತ್ತನೆಯವರ ಪರೀಕ್ಷೆಯಲ್ಲಿ ನನಗೆ ಕೋಣೆಯ ಮೇಲ್ವಿಚಾರಣೆ. ಬಾರದಿರಲು ಕಾರಣವಿದೆಯೆಂದು ಒಳಗೊಳಗೆ ಹಗುರವಾಯಿತು ಎಂಬುದನ್ನೂ ಬರೆದುಬಿಡುತ್ತೇನೆ.

ಅಂದು ಆ ಅಧಿಕಾರಿ ಕೇಳಿದಾಗ ನಾನು ಹೇಳಬೇಕಾಗಿದ್ದದ್ದು ಮೂರು ಪದ: ನಾನೇ ಕೇಳಿ ಬರೆಸಿಕೊಂಡೆ. ಎಷ್ಟೋ ಕವಿತೆಗಳನ್ನು ಬಾಯಿಪಾಠ ಮಾಡಿದ ನಾಲಿಗೆಗೆ ಆ ಮೂರು ಪದ ಬರಲಿಲ್ಲ. ಹನ್ನೆರಡು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಇದು ದುರ್ಗಾಳ ಪತ್ರಕ್ಕಾಗಿ ಅಲ್ಲ. ನೀನು ಅವಳಿಗೆ ಇಲ್ಲ ಎಂದರೂ ಇದು ಹೀಗೆಯೇ ಇರುತ್ತದೆ.

ಮಂಜುಳಾ

*

ರಾಯದುರ್ಗ
29 ಮಾರ್ಚ್ 2024, ಸಂಜೆ

ಮಂಜುಳಾ,

ಇದನ್ನು ದುರ್ಗಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಪ್ರಮಾಣಪತ್ರ ಅವಳ ಚೀಲದಲ್ಲಿದೆ. ಹೇಗಾಯಿತೆಂದು ನಿನಗೆ ತಿಳಿದಿರಬೇಕು.

ಬೆಳಿಗ್ಗೆ ಹತ್ತೂವರೆಗೆ ಗಂಡನ ಜೊತೆ ಬಂದಳು. ರಕ್ತದೊತ್ತಡ ನೂರೈವತ್ತು, ಕೆಳಗಿನದು ತೊಂಬತ್ತೆರಡು. ಆ ಅಂಕಿಗೆ ನಾನು ಸಹಿ ಮಾಡುವುದಿಲ್ಲ ಎಂದೆ. ಅವಳು ಅಳಲಿಲ್ಲ, ವಾದಿಸಲಿಲ್ಲ. “ಮತ್ತೆ ಯಾವಾಗ ನೋಡ್ತೀರಾ?” ಎಂದಳು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದವಳು. ಒಳಗಿನ ಮಂಚದಲ್ಲಿ ಎಡಮಗ್ಗುಲಾಗಿ ಮಲಗಿಸಿದೆ. ಗಂಟೆಯ ನಂತರ ನೂರಮೂವತ್ತನಾಲ್ಕು. ಅದಕ್ಕೂ ಬರೆಯಲಿಲ್ಲ. ಜೀನ್ಸ್ ಹೊಲಿಯುವ ಕಾಟಮ್ಮ ಕಾಲುನೋವಿಗೆ ಬಂದಿದ್ದಳು, ನೋಡಿ ನೋಡಿ ಸಾಕಾಗಿ ಜಗಳಕ್ಕೇ ಬಂದಳು. “ಯಾಕ್ರೀ ಡಾಕ್ಟರಮ್ಮ, ಆ ಹುಡುಗೀನ್ನ ಮುಂಜಾನಿಂದ ಮಲಗಿಸಿಟ್ಟೀರಿ. ಒಂದು ಸೈನು ಮಾಡಾಕ ನಿಮ್ಮ ಪೆನ್ನಿನ ಮಸಿ ಮುಗದೈತೇನು?” ಒಳಗಿನಿಂದ ದುರ್ಗಾ ಹೇಳಿದಳು: “ಅವರು ನೋಡ್ಲಿ ಬಿಡಮ್ಮ. ಸರಿಯಾಗೇ ನೋಡ್ಲಿ.”

ಮೂತ್ರ ಪರೀಕ್ಷೆ ಮಾಡಿಸಿದೆ, ಶುದ್ಧವಿದೆ. ಹಿಮೋಗ್ಲೋಬಿನ್ ಹತ್ತೂವರೆ. ಮಗುವಿನ ಎದೆಬಡಿತ ಚೆನ್ನಾಗಿದೆ. ಅಳತೆ ಹಿಂದೂಪುರದ ಫಾರಮ್ಮಿಗೂ ಹುಳುಮನೆಯ ನೋಟ್‌ಬುಕ್ಕಿಗೂ ಹೊಂದುತ್ತದೆ. ಮಗು ಸಣ್ಣದಲ್ಲ, ತನ್ನ ವಯಸ್ಸಿಗೆ ತಕ್ಕಷ್ಟಿದೆ. ಎರಡು ಗಂಟೆಗೆ ಒತ್ತಡ ನೂರಿಪ್ಪತ್ತೆರಡು, ಎಂಬತ್ತು. ನಾಲ್ಕಕ್ಕೆ ಮತ್ತೊಮ್ಮೆ ನೋಡಿದೆ. ಅಷ್ಟೇ ಇತ್ತು. ಆಮೇಲೆ ಬರೆದೆ.

ಪ್ರಯಾಣದ ದಿನಕ್ಕೆ ಮೂವತ್ತೆರಡು ವಾರ ಒಂದು ದಿನ. ಒಂದೇ ಮಗು, ತೊಡಕಿಲ್ಲ, ಪ್ರಯಾಣಕ್ಕೆ ಯೋಗ್ಯಳು. ಕಾರ್ಡಿನಲ್ಲಿರುವ ತಾರೀಕು ಯಾಕೆ ತಪ್ಪು, ನಾನು ಯಾವ ದಾಖಲೆಯ ಮೇಲೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನೂ ಕೆಳಗೆ ಒಂದು ಪ್ಯಾರಾ ಬರೆದಿದ್ದೇನೆ. ನೋಂದಣಿ ಸಂಖ್ಯೆ, ಫೋನ್ ನಂಬರು ಕೊಟ್ಟಿದ್ದೇನೆ. ನಾಳೆ ರಾತ್ರಿ ಬೆಂಗಳೂರಿನಲ್ಲಿ ನಿದ್ದೆ ಮಾಡಲಿ. ವಿಮಾನದಲ್ಲಿ ಒಂದು ಸಲ ಎದ್ದು ಓಡಾಡಲಿ, ನೀರು ಕುಡಿಯುತ್ತಿರಲಿ. ತಲೆನೋವು, ಕಣ್ಣು ಮಂಜಾಗುವುದು, ರಕ್ತ, ಇವುಗಳಲ್ಲಿ ಒಂದು ಕಂಡರೂ ನನ್ನ ಪತ್ರಕ್ಕೆ ಬೆಲೆಯಿಲ್ಲ, ಹತ್ತಬಾರದು. ಅವಳಿಗೆ ಹೇಳಿದ್ದೇನೆ. ನೀನೂ ಹೇಳು.

ನಿನ್ನ ಮೂರು ಪದ ಓದಿದೆ. ಅದಕ್ಕೆ ಇವತ್ತು ಉತ್ತರ ಬರೆಯಲಾರೆ, ಕೈ ಸೋತಿದೆ. ಹತ್ತನೆಯವರ ಪರೀಕ್ಷೆ ಮುಗಿಯುವುದು ಯಾವಾಗ?

ಭುವನಾ

*

ಅಸ್ಸಾಂ
5 ಏಪ್ರಿಲ್ 2024

ಡಾಕ್ಟರಮ್ಮನವರಿಗೆ ನಮಸ್ಕಾರ.

ಮೊನ್ನೆ ಹಾಜರಾದೆ. ಮಧ್ಯಾಹ್ನಕ್ಕೆ ಮುಂಚೆಯೇ ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಒತ್ತಡ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ನೂರಿಪ್ಪತ್ತು, ಎಪ್ಪತ್ತೆಂಟು. ಮಗು ಒದೆಯುತ್ತಿದೆ.

ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ತಪ್ಪಿಹೋಗುತ್ತಿತ್ತು. ಕೌಂಟರಿನವಳು ನಿಮ್ಮ ಪತ್ರ ನೋಡಿ ಸರಿ ಎಂದಿದ್ದಳು. ಅಷ್ಟರಲ್ಲಿ ಅತ್ತೆ, ಕಾಗದ ಹೆಚ್ಚಿದ್ದಷ್ಟೂ ಒಳ್ಳೆಯದೆಂದು, ಸೆರಗಿನ ಗಂಟಿನಿಂದ ತಾಯಿ ಕಾರ್ಡು ಬಿಚ್ಚಿ ಅವಳ ಮುಂದಿಟ್ಟರು. ಅವಳು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನನ್ನನ್ನು ಸರದಿಯಿಂದ ಈಚೆಗೆ ನಿಲ್ಲಿಸಿದಳು. ವಿಮಾನ ನಿಲ್ದಾಣದ ಒಬ್ಬ ವೈದ್ಯರು ಬಂದರು. ನೀವು ಬರೆದ ಪ್ಯಾರಾವನ್ನು ಬೆರಳಿಟ್ಟು ತೋರಿಸಿದೆ, ಹಿಂದೂಪುರದ ನಕಲು ಕೊಟ್ಟೆ. ಓದಿ, ನಿಮಗೆ ಫೋನು ಮಾಡಿದರು. ನೀವು ಏನು ಹೇಳಿದಿರೋ ನನಗೆ ಕೇಳಿಸಲಿಲ್ಲ. ಇವರು ಮೂರು ಸಲ “ಎಸ್ ಮೇಡಂ” ಎಂದದ್ದಷ್ಟೇ ಕೇಳಿಸಿತು. ನಾಲ್ಕನೇ ಸಲಕ್ಕೆ ಕೌಂಟರಿನವಳ ಕಡೆ ಕೈ ಮಾಡಿದರು. ಬಾಗಿಲು ಮುಚ್ಚಲು ಇಪ್ಪತ್ತು ನಿಮಿಷ ಇತ್ತು.

ಅತ್ತೆ ಮೋಡದ ಮೇಲೆ ಕೂತು, ಹಿಂಜಿದ ಹತ್ತಿ ಇದ್ದಂಗೈತೆ, ಆದ್ರೆ ಯಾರ ಕೆಲಸಕ್ಕೂ ಬರಲ್ಲ ಎಂದರು. ಇಲ್ಲಿ ಪಕ್ಕದ ಮನೆಯವಳಿಗೆ ಕನ್ನಡ ಬರುವುದಿಲ್ಲ, ಇವರಿಗೆ ಅಸ್ಸಾಮಿ ಬರುವುದಿಲ್ಲ. ಇಬ್ಬರೂ ಸಂಜೆ ಗಂಟೆಗಟ್ಟಲೆ ಮಾತಾಡುತ್ತಾರೆ.

ನನ್ನ ಕೆಲಸ ಏನೆಂದು ನಿಮಗೆ ಹೇಳಬೇಕು. ಮೊಟ್ಟೆಯಿಟ್ಟ ಪ್ರತಿಯೊಂದು ತಾಯಿಚಿಟ್ಟೆಯನ್ನೂ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಂಟುರೋಗದ ಒಂದು ಕಣ ಕಂಡರೂ ಅವಳ ಮೊಟ್ಟೆಗಳನ್ನೆಲ್ಲ ಸುಡಬೇಕು. ಇಲ್ಲವೆಂದರೆ ಆ ರೋಗ ಸಾಕುವವರ ಮನೆಗೆ ಹೋಗಿ ಇಡೀ ಬೆಳೆ ಹೋಗುತ್ತದೆ. ಕಾಣದಿದ್ದರೆ ಚೀಟಿಯ ಮೇಲೆ ನಾನು ಸಹಿ ಹಾಕುತ್ತೇನೆ. ಆ ಸಹಿಯಿಲ್ಲದೆ ಮೊಟ್ಟೆ ಹೊರಗೆ ಹೋಗುವುದಿಲ್ಲ.

ನಿನ್ನೆ ಮೊದಲ ದಿನ. ಎಂಬತ್ತು ಚೀಟಿ ಮೇಜಿನ ಮೇಲಿದ್ದವು. ಜೊತೆಯ ಹಿರಿಯರು ನನ್ನ ಹೊಟ್ಟೆ ನೋಡಿ ಕನಿಕರಪಟ್ಟರು. ಈ ಗುಂಪು ಚೆನ್ನಾಗಿಯೇ ಇದೆ, ಸುಮ್ಮನೆ ಸಹಿ ಹಾಕಿ ಮನೆಗೆ ಹೋಗಿ ಮಲಗಮ್ಮ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಸ್ಟೂಲು ಎಳೆದುಕೊಂಡು ಕೂತೆ. ಮುಗಿದಾಗ ಐದೂಕಾಲು.

ಎಪ್ಪತ್ತೇಳಕ್ಕೆ ಸಹಿ ಹಾಕಿದೆ.

ದುರ್ಗಾ